ಹೆಬ್ಬೆಟ್ಟಿನ ಒಪ್ಪಿಗೆ

ನಮ್ಮ ಹಳ್ಳಿಗಳಲ್ಲಿ ಹೆಂಗಸೊಬ್ಬಳ ಬಗ್ಗೆ 'ಆಪರೇಷನ್ ಆಗಿದೆ' ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಮಕ್ಕಳಾಗದ ಹಾಗೆ ಮಾಡಿಸಿಕೊಳ್ಳುವ ಆಪರೇಷನ್ ಎಂಬುದು ಎಲ್ಲರಿಗೂ ಗೊತ್ತು. ಅದು ಅಷ್ಟು ಸಾಮಾನ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಇಡೀ ದೇಶದಲ್ಲಿ ಈ ಪ್ರಮಾಣ ಸುಮಾರು 38%. ಅದೇ ಸಮೀಕ್ಷೆಯಲ್ಲಿ ಗಂಡಸರ ವ್ಯಾಸೆಕ್ಟಮಿಯ ಪಾಲು ದೇಶಕ್ಕೆಲ್ಲ ಸೇರಿ 0.3%. ಈ ಅಂಕಿಗಳ ಹಿಂದೆ ಹೆಂಗಸರ ಸ್ವಂತ ಇಚ್ಛೆ ಎಷ್ಟು, ಇಲಾಖೆಯ ಒತ್ತಾಯ ಎಷ್ಟು ಎಂಬುದು ಹಳೆಯ ಜಗಳ. ಅದನ್ನು ಇಲ್ಲಿ ಇಬ್ಬರ ಮಾತಿನಲ್ಲಿ ಇಡುತ್ತಿದ್ದೇನೆ. ಒಬ್ಬರು ಸರ್ಕಾರಿ ಆರೋಗ್ಯ ಇಲಾಖೆಯಲ್ಲಿ ವೈದ್ಯೆಯಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಕಾನೂನು ಓದುತ್ತಿರುವವಳು. ಕಂಡದ್ದು ಕೇಳಿದ್ದರ ಕತೆ ಬೇಡ, ದಾಖಲೆಯಲ್ಲಿ ಇರುವುದನ್ನಷ್ಟೇ ಮಾತಾಡೋಣ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದಾರೆ.

ಕಿರಿಯಳು: ದೊಡ್ಡಮ್ಮ, ನಾನು ಬಿಲಾಸ್‌ಪುರದಿಂದ ಶುರು ಮಾಡುತ್ತೇನೆ. 2014ರ ನವೆಂಬರ್ 8ರಂದು ಛತ್ತೀಸ್‌ಗಢದ ಆ ಜಿಲ್ಲೆಯಲ್ಲಿ, ಬಳಕೆ ತಪ್ಪಿದ್ದ ಒಂದು ಖಾಸಗಿ ಆಸ್ಪತ್ರೆಯ ಕಟ್ಟಡದಲ್ಲಿ ಸರ್ಕಾರದ ಕ್ಯಾಂಪು ನಡೆಯಿತು. ಒಬ್ಬರೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಲ್ಯಾಪ್ರೋಸ್ಕೋಪಿ ಮಾಡಿ ಮುಗಿಸಿದರು. ಒಬ್ಬ ಸರ್ಜನ್ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದು ಎಂದು ಸರ್ಕಾರವೇ ನಿಯಮ ಬರೆದಿಟ್ಟಿತ್ತು. ಆ ಕ್ಯಾಂಪು, ಅದರ ಬೆನ್ನಿಗೇ ನಡೆದ ಇನ್ನಷ್ಟು ಕ್ಯಾಂಪುಗಳು, ಎಲ್ಲ ಸೇರಿ 13 ಹೆಂಗಸರು ಸತ್ತರು. ಸೋಂಕಿನಿಂದಲೋ, ಕೊಟ್ಟ ಮಾತ್ರೆ ಕಲಬೆರಕೆಯಾಗಿದ್ದರಿಂದಲೋ ಎಂಬ ವಾದ ಬಹಳ ದಿನ ನಡೆಯಿತು. ಆದರೆ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಅದೇ ವರ್ಷದ ಆರಂಭದಲ್ಲಿ, 50,000 ಆಪರೇಷನ್ ಮಾಡಿದ್ದಕ್ಕೆಂದು ರಾಜ್ಯ ಸರ್ಕಾರ ಅದೇ ಸರ್ಜನ್ನರನ್ನು ಸನ್ಮಾನಿಸಿತ್ತು. ಸನ್ಮಾನಕ್ಕೆ ಆಧಾರವಾದದ್ದೂ ಸಂಖ್ಯೆ, ಸಾವಿಗೆ ದಾರಿ ಮಾಡಿಕೊಟ್ಟದ್ದೂ ಸಂಖ್ಯೆ. ಆ ದಿನ ಆ ಮೇಜಿನ ಮೇಲೆ ಮಲಗಿದ ಹೆಂಗಸು ಇಲಾಖೆಯ ಕಣ್ಣಿಗೆ ರೋಗಿಯಾಗಿ ಕಾಣಲಿಲ್ಲ, ಒಂದು 'ಕೇಸ್' ಆಗಿ ಕಂಡಳು. 'ಈ ತಿಂಗಳು ಎಷ್ಟು ಕೇಸ್ ಬಂತು' ಎಂಬ ಮಾತಿನಲ್ಲೇ ತಪ್ಪು ಕೂತಿದೆ ಎನ್ನುವುದು ನನ್ನ ವಾದ.

ಹಿರಿಯರು: ಬಿಲಾಸ್‌ಪುರವನ್ನು ಸಮರ್ಥಿಸುವ ವೈದ್ಯರು ಯಾರೂ ಇಲ್ಲ ಕಣೇ, ನಾನೂ ಸಮರ್ಥಿಸುವುದಿಲ್ಲ. ಆದರೆ ಆ ಒಂದು ಕ್ಯಾಂಪಿನಿಂದ ಇಡೀ ಕಾರ್ಯಕ್ರಮವನ್ನು ಅಳೆಯುವುದು ಸರಿಯಲ್ಲ. ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮ ಮಾಡಿದಾಗ ಜಗತ್ತಿನ ಬೇರಾವ ದೇಶವೂ ಹಾಗೆ ಮಾಡಿರಲಿಲ್ಲ. ಆಗ ಒಬ್ಬ ಹೆಂಗಸಿಗೆ ಸರಾಸರಿ ಆರರ ಹತ್ತಿರ ಮಕ್ಕಳು ಹುಟ್ಟುತ್ತಿದ್ದರು, ಈಗ ಎರಡು. ಆರು ಹೆರಿಗೆ ಅಂದರೆ ಆರು ಸಲ ಸಾವಿನ ಬಾಗಿಲು ತಟ್ಟಿ ಬರುವುದು. ಐದನೆಯ, ಆರನೆಯ ಬಸಿರಿನಲ್ಲಿ ರಕ್ತವೇ ಇಲ್ಲದ ಮೈಯಲ್ಲಿ ಹೆತ್ತು ಸತ್ತವರ ಹೆಸರು ಯಾವ ಕೋರ್ಟಿನ ತೀರ್ಪಿನಲ್ಲೂ ಇಲ್ಲ. 2018–20ರಲ್ಲಿ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 97ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ 69ಕ್ಕೆ. ಇದರಲ್ಲಿ ಆಸ್ಪತ್ರೆ ಹೆರಿಗೆಯ ಪಾಲಿದೆ, ಆಂಬುಲೆನ್ಸಿನ ಪಾಲಿದೆ, ಹೆರಿಗೆಯ ಸಂಖ್ಯೆಯೇ ಇಳಿದದ್ದರ ಪಾಲೂ ಇದೆ. 'ಆರತಿಗೊಬ್ಬಳು ಕೀರ್ತಿಗೊಬ್ಬ' ಅಂತ ಗೋಡೆ ಗೋಡೆಯ ಮೇಲೆ ಬರೆಸಿದ್ದು ವ್ಯರ್ಥವಾಗಲಿಲ್ಲ. ಸತ್ತವರ ಲೆಕ್ಕ ಕೇಳುವಾಗ ಸಾಯದೆ ಉಳಿದವರ ಲೆಕ್ಕವನ್ನೂ ನೀನು ಕೇಳಬೇಕು.

ಕಿರಿಯಳು: ಕೇಳುತ್ತೇನೆ. ಆದರೆ ಉಳಿದವರನ್ನು ಉಳಿಸಿದ್ದು ಈ ಗುರಿಯೇ ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಅಮರ್ತ್ಯ ಸೇನ್ ಒಂದು ಹೋಲಿಕೆ ಕೊಟ್ಟಿದ್ದಾರೆ. 1979ರಲ್ಲಿ ಚೀನಾದ ಫಲವತ್ತತೆ ದರ 2.8, ಕೇರಳದ್ದು 3.0. ಚೀನಾ ಒಂದೇ ಮಗುವಿನ ಕಟ್ಟಳೆ ಹೇರಿತು. ಕೇರಳದ ಹೆಣ್ಣುಮಕ್ಕಳು ಶಾಲೆಗೆ ಹೋದರು, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಾಗಿಲು ತೆರೆದಿದ್ದವು. 1991ಕ್ಕೆ ಚೀನಾ 2.0ಕ್ಕೆ ಇಳಿದಿತ್ತು, ಕೇರಳ 1.8ಕ್ಕೆ. ಒತ್ತಾಯ ಮಾಡಿದವರಿಗಿಂತ ಮಾಡದವರೇ ಬೇಗ ಇಳಿದರು. ಹಾಗಿದ್ದ ಮೇಲೆ, ಕ್ಯಾಂಪಿಲ್ಲದಿದ್ದರೆ ಜನಸಂಖ್ಯೆ ಹತೋಟಿಗೆ ಬರುತ್ತಿರಲಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಹಿರಿಯರು: ಕೇರಳದ ಹೆಸರು ಎತ್ತಿದೆಯಲ್ಲ, ಅದರ ಇನ್ನೊಂದು ಪುಟವನ್ನೂ ತಿರುವು. 1971ರ ಜುಲೈನಲ್ಲಿ ಎರ್ನಾಕುಳಂನಲ್ಲಿ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ಜಾತ್ರೆಯ ಹಾಗೆ ಒಂದು ಕ್ಯಾಂಪು ನಡೆಸಿದರು. ಒಂದೇ ತಿಂಗಳಲ್ಲಿ ಸುಮಾರು 63,000 ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡರು. ಬಂದವರಿಗೆ ಹಣವನ್ನೂ ಕೊಟ್ಟರು, ಉಡುಗೊರೆಯನ್ನೂ ಕೊಟ್ಟರು. ಇದೂ ಕೇರಳವೇ. ಶಾಲೆ ಒಂದರಿಂದಲೇ ಆಯಿತು, ಕ್ಯಾಂಪಿನಿಂದ ಏನೂ ಆಗಲಿಲ್ಲ ಅಂತ ಗೆರೆ ಎಳೆದು ಬೇರೆ ಮಾಡುವುದು ಅಷ್ಟು ಸುಲಭವಲ್ಲ. ಓದಿದ ಹೆಣ್ಣು 'ಮಕ್ಕಳು ಸಾಕು' ಅಂತ ನಿರ್ಧರಿಸುತ್ತಾಳೆ, ಒಪ್ಪಿದೆ. ನಿರ್ಧರಿಸಿದ ಮೇಲೆ ಅವಳಿಗೆ ಒಬ್ಬ ಸರ್ಜನ್ ಬೇಕಲ್ಲ? ಅವರನ್ನು ತಾಲ್ಲೂಕಿಗೆ ಕರೆತರುತ್ತಿದ್ದದ್ದು ಕ್ಯಾಂಪೇ.

ಕಿರಿಯಳು: ಆ ಎರ್ನಾಕುಳಂ ಆಮೇಲೆ ದೇಶಕ್ಕೆ ಮಾದರಿಯಾಯಿತು. ನಾಲ್ಕೈದು ವರ್ಷದಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿಗೆ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ ನಡೆಯಿತು. ಅವರಲ್ಲಿ ಹೆಚ್ಚಿನವರು ಗಂಡಸರು. ಶಿಕ್ಷಕರ ಸಂಬಳ ತಡೆದರು, ಹರಿಯಾಣದ ಉಟಾವರ್ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದೊಯ್ದರು. ಆಮೇಲೆ ತುರ್ತುಪರಿಸ್ಥಿತಿಯ ದೌರ್ಜನ್ಯಗಳನ್ನು ವಿಚಾರಿಸಿದ ಶಾ ಆಯೋಗ 1,774 ಸಾವುಗಳ ದೂರು ದಾಖಲಿಸಿತು. ಮದುವೆಯೇ ಆಗದವರಿಗೆ ಆಪರೇಷನ್ ಮಾಡಿದ 548 ದೂರುಗಳನ್ನೂ ದಾಖಲಿಸಿತು. ಎರ್ನಾಕುಳಂನಲ್ಲಿ ಯಾರೂ ಕೋಲು ಹಿಡಿದಿರಲಿಲ್ಲ, ಅದು ನಿಜ. ಆದರೆ ಎಷ್ಟು ಮಂದಿಗೆ ಆಯಿತು ಅನ್ನುವುದೇ ಯಶಸ್ಸಿನ ಅಳತೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಯಿತು. ಅದನ್ನೇ ಹಿಡಿದು ಹೊರಟ ಸರ್ಕಾರದ ಕೈಗೆ ಕೋಲು ಬರಲು ಹೆಚ್ಚು ಕಾಲ ಬೇಕಾಗಲಿಲ್ಲ.

ಹಿರಿಯರು: ಅದಕ್ಕೆ ಜನ 1977ರಲ್ಲಿ ಉತ್ತರ ಕೊಟ್ಟರು. ಸರ್ಕಾರವೇ ಬಿತ್ತು. ಮರುವರ್ಷ ಆಪರೇಷನ್ನುಗಳು 10 ಲಕ್ಷದೊಳಕ್ಕೆ ಕುಸಿದವು. 'ಕುಟುಂಬ ಯೋಜನೆ' ಎಂಬ ಹೆಸರು ಹೋಗಿ 'ಕುಟುಂಬ ಕಲ್ಯಾಣ' ಬಂತು. ಇಲಾಖೆ ಪಾಠ ಕಲಿಯಲಿಲ್ಲ ಅನ್ನಬೇಡ.

ಕಿರಿಯಳು: ಕಲಿತ ಪಾಠ ಯಾವುದು ಅನ್ನುವುದೇ ನನ್ನ ಪ್ರಶ್ನೆ. ಬಲವಂತ ಮಾಡಬಾರದು ಎಂದು ಕಲಿಯಿತೋ, ಗಂಡಸರನ್ನು ಮುಟ್ಟಬಾರದು ಎಂದು ಕಲಿಯಿತೋ? ತುರ್ತುಪರಿಸ್ಥಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ವ್ಯಾಸೆಕ್ಟಮಿ ಇತ್ತು. ಆಮೇಲೆ ಅದು ಇಳಿದು ಇಳಿದು ಹೆಸರಿಗಷ್ಟೇ ಉಳಿಯಿತು. ವ್ಯಾಸೆಕ್ಟಮಿ ಸಣ್ಣ ಆಪರೇಷನ್, ಹೊಟ್ಟೆ ತೆರೆಯಬೇಕಾಗಿಲ್ಲ, ಅಪಾಯ ಕಡಿಮೆ. ಇದು ವೈದ್ಯರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ದೇಶ ಹೆಚ್ಚು ಅಪಾಯದ ದಾರಿಯನ್ನು ಹಿಡಿದು ನಲವತ್ತು ವರ್ಷಕ್ಕೂ ಮೀರಿ ನಡೆಯಿತು, ಯಾಕೆಂದರೆ ಆ ದಾರಿಯಲ್ಲಿ ಸರ್ಕಾರ ಬೀಳುವ ಭಯ ಇರಲಿಲ್ಲ. ಗಂಡಸರ ಸಿಟ್ಟು ಮತಪೆಟ್ಟಿಗೆಗೆ ಹೋಯಿತು, ಹೆಂಗಸರ ನೋವು ಹೆರಿಗೆ ವಾರ್ಡಿನಲ್ಲೇ ಉಳಿಯಿತು. ಒಂದು ಆರೋಗ್ಯ ಇಲಾಖೆ ಅಪಾಯವನ್ನು ಯಾರ ಮೈಮೇಲೆ ಹೊರಿಸಬೇಕೆಂದು ರಾಜಕೀಯ ಅನುಕೂಲ ನೋಡಿ ನಿರ್ಧರಿಸಿದರೆ, ಅದು ನೈತಿಕ ತಪ್ಪಲ್ಲದೆ ಮತ್ತೇನು?

ಹಿರಿಯರು: ನಿನ್ನ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಸತ್ಯ. ಗಂಡಸರು ಹಿಂದೆ ಸರಿದದ್ದು ಸರ್ಕಾರ ಬಿಟ್ಟದ್ದರಿಂದ ಮಾತ್ರವಲ್ಲ. 'ಗಂಡಸು ಆಪರೇಷನ್ ಮಾಡಿಸಿಕೊಂಡರೆ ಶಕ್ತಿ ಹೋಗುತ್ತದೆ, ಹೊಲದ ಕೆಲಸ ಮಾಡಲಾರ' ಅನ್ನುವ ಮಾತು ಮನೆ ಮನೆಯಲ್ಲಿದೆ. ಅದನ್ನು ಅತ್ತೆ ಹೇಳುತ್ತಾಳೆ, ಎಷ್ಟೋ ಕಡೆ ಹೆಂಡತಿಯೇ ಹೇಳುತ್ತಾಳೆ. ಇನ್ನು ಹೆಂಗಸಿನ ಕಡೆಯಿಂದ ನೋಡು. ನಿರೋಧ್ ಬಳಸಲು ಗಂಡನ ಮರ್ಜಿ ಬೇಕು. ಮಾಲಾ-ಎನ್ ಮಾತ್ರೆ ದಿನಾ ನುಂಗಬೇಕು, ಅತ್ತೆಯ ಕಣ್ಣಿಗೆ ಬೀಳದ ಹಾಗೆ ಬಚ್ಚಿಡಬೇಕು, ಉಪಕೇಂದ್ರದಲ್ಲಿ ಸ್ಟಾಕ್ ಮುಗಿದರೆ ಅಲ್ಲಿಗೆ ನಿಂತಿತು. ವಂಕಿ ಹಾಕಿಸಿಕೊಂಡರೆ ರಕ್ತಸ್ರಾವದ ಹೆದರಿಕೆ. ಆಪರೇಷನ್ ಒಂದು ಸಲ ಆದರೆ ಮುಗಿಯಿತು, ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ಬಡ ಮನೆಯ ಹೆಂಗಸು ತನ್ನ ಮೈಮೇಲೆ ತನ್ನ ಹಕ್ಕನ್ನು ಖಾಯಂ ಮಾಡಿಕೊಳ್ಳಲು ಕಂಡುಕೊಂಡ ದಾರಿ ಅದು. ಅವಳು ಮೋಸ ಹೋದಳು ಅಂತ ನೀವು ಓದಿದವರು ತೀರ್ಮಾನಿಸಿದರೆ ಅವಳ ಬುದ್ಧಿಯನ್ನು ಹಗುರ ಮಾಡಿದ ಹಾಗೆ.

(ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಸಂತಾನ ನಿಯಂತ್ರಣದ ಇತಿಹಾಸವನ್ನು ಬರೀ ದಬ್ಬಾಳಿಕೆಯ ಕತೆಯಾಗಿ ಬರೆದವರು ಹೆಂಗಸರ ಈ ಲೆಕ್ಕಾಚಾರವನ್ನು ಗಮನಿಸಿದ್ದು ಕಡಿಮೆ. ಆದರೆ ಆಯ್ಕೆ ಇಷ್ಟು ಇಕ್ಕಟ್ಟಾದದ್ದು ಹೇಗೆ ಎಂಬ ಪ್ರಶ್ನೆ ಅದರಿಂದ ಇಲ್ಲವಾಗುವುದಿಲ್ಲ.)

ಕಿರಿಯಳು: ಅವಳ ಬುದ್ಧಿಯನ್ನು ನಾನು ಹಗುರ ಮಾಡುವುದಿಲ್ಲ ದೊಡ್ಡಮ್ಮ. ಅವಳ ಮುಂದೆ ಇಟ್ಟ ತಟ್ಟೆಯಲ್ಲಿ ಏನಿತ್ತು ಅಂತ ನೋಡುತ್ತೇನೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಇಂಜೆಕ್ಷನ್, ವಾರದ ಲೆಕ್ಕದಲ್ಲಿ ನುಂಗುವ ಛಾಯಾ ಮಾತ್ರೆ ನಮ್ಮ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ. ಅದಕ್ಕೆ ಮೊದಲು ಎರಡು ತಲೆಮಾರಿನ ಹೆಂಗಸರಿಗೆ ನೀವು ಈಗ ಎಣಿಸಿದಷ್ಟೇ ಆಯ್ಕೆ. ನಮ್ಮ ದೇಶದಲ್ಲಿ ಹೆಂಗಸರು ಆಪರೇಷನ್ ಮಾಡಿಸಿಕೊಳ್ಳುವ ವಯಸ್ಸು ಇಪ್ಪತ್ತೈದರ ಆಸುಪಾಸು. ಆ ವಯಸ್ಸಿಗೆ ಮುಂದಿನ ಇಪ್ಪತ್ತು ವರ್ಷದ ತೀರ್ಮಾನ ಮುಗಿದುಹೋಗುತ್ತದೆ, ಮಗು ತೀರಿಕೊಂಡರೂ ಮರುಮದುವೆಯಾದರೂ ಹಿಂತಿರುಗಲು ಕಷ್ಟ. ಇಷ್ಟು ದೊಡ್ಡ ತೀರ್ಮಾನಕ್ಕೆ ಅವಳಿಂದ ಪಡೆಯುವ ಒಪ್ಪಿಗೆ ಎಂಥದ್ದು? ಬಿಹಾರದ ಅರರಿಯಾ ಜಿಲ್ಲೆಯಲ್ಲಿ 2012ರ ಜನವರಿಯಲ್ಲಿ ಒಂದು ಸರ್ಕಾರಿ ಶಾಲೆಯಲ್ಲಿ ಎರಡು ಗಂಟೆಯೊಳಗೆ 53 ಹೆಂಗಸರಿಗೆ ಟಾರ್ಚ್ ಬೆಳಕಿನಲ್ಲಿ ಆಪರೇಷನ್ ಮಾಡಿದರು. ಶಾಲೆಯ ಮೇಜುಗಳೇ ಆಪರೇಷನ್ ಮೇಜುಗಳಾಗಿದ್ದವು. ಅವರಲ್ಲಿ ಒಬ್ಬಳು ಮೂರು ತಿಂಗಳ ಬಸುರಿ. ಬಸುರಿಯೇ ಎಂದು ಪರೀಕ್ಷಿಸಲು ಬಿಡುವಿಲ್ಲದ ಕಡೆ, 'ಇದು ಖಾಯಂ, ಮತ್ತೆ ಮಕ್ಕಳಾಗುವುದಿಲ್ಲ, ಬೇರೆ ದಾರಿಯೂ ಇದೆ' ಎಂದು ಕೂರಿಸಿ ಹೇಳಲು ಯಾರಿಗೆ ಬಿಡುವಿತ್ತು? ಓದಲು ಬಾರದವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಅದು ಒಪ್ಪಿಗೆಯಾಗುವುದಿಲ್ಲ.

ಹಿರಿಯರು: ಅದೆಲ್ಲ ಸುಧಾರಿಸುತ್ತಿದೆ ಕಣೇ. ಬಳಸುವ ವಿಧಾನದ ಅಡ್ಡಪರಿಣಾಮಗಳ ಬಗ್ಗೆ ನಿಮಗೆ ಯಾರಾದರೂ ಹೇಳಿದ್ದರೇ ಅಂತ ಸಮೀಕ್ಷೆಯಲ್ಲಿ ಕೇಳುತ್ತಾರೆ. 2015–16ರಲ್ಲಿ ಹೌದು ಅಂದವರು ಅರ್ಧಕ್ಕಿಂತ ಕಡಿಮೆ. 2019–21ರಲ್ಲಿ ಸುಮಾರು 62%. ನಾಲ್ಕೈದು ವರ್ಷದಲ್ಲಿ ಇಷ್ಟು ಏರಿದ್ದು ಸಣ್ಣ ಮಾತಲ್ಲ.

ಕಿರಿಯಳು: ಏರಿದೆ, ಸಂತೋಷ. ಅದೇ ಅಂಕಿಯನ್ನು ತಿರುಗಿಸಿ ಹಿಡಿದರೆ ಹತ್ತರಲ್ಲಿ ಸುಮಾರು ನಾಲ್ಕು ಮಂದಿಗೆ ಅಡ್ಡಪರಿಣಾಮಗಳ ಬಗ್ಗೆ ಯಾರೂ ಹೇಳಿಲ್ಲ ಅಂತ ಆಯಿತು. ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳುವವರಲ್ಲಿ ಹತ್ತಕ್ಕೆ ನಾಲ್ಕು ಮಂದಿಗೆ ಅದನ್ನು ಹೇಳದೆ ಮಲಗಿಸಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಪುಕ್ಕಟೆ ಸಿಗುವ ಚಿಕಿತ್ಸೆಗೆ ಕಡಿಮೆ ಗೌರವ ಸಾಕು ಎಂಬ ಭಾವನೆ ಇಲಾಖೆಯಲ್ಲೂ ಇದೆ, ಸಮಾಜದಲ್ಲೂ ಇದೆ, ಹೇಳಲು ಬೇಸರವಾಗುತ್ತದೆ, ಒಮ್ಮೊಮ್ಮೆ ರೋಗಿಯಲ್ಲೂ ಇದೆ. ಜತೆಗೆ ಹಣದ ಮಾತು. ಬಿಲಾಸ್‌ಪುರದ ಹೆಂಗಸರಿಗೆ ನಿಗದಿಯಾಗಿದ್ದ ಮೊತ್ತ ₹600. ಸರ್ಕಾರ ಅದನ್ನು ಕೂಲಿ ನಷ್ಟದ ಪರಿಹಾರ ಎನ್ನುತ್ತದೆ. ಕರೆದುಕೊಂಡು ಬಂದವರಿಗೂ ತಲೆಗೆ ಇಷ್ಟು ಎಂದು ಪ್ರೋತ್ಸಾಹಧನ ಇದೆ. ಅವರು ಯಾವ ಕೂಲಿ ಕಳೆದುಕೊಂಡರು?

ಹಿರಿಯರು: ಪರಿಹಾರ ಕೊಡದಿದ್ದರೆ ಏನಾಗುತ್ತಿತ್ತು, ಅದನ್ನೂ ಯೋಚಿಸು. ದಿನಗೂಲಿಯವಳು ಆಪರೇಷನ್ ಆದ ಮೇಲೆ ವಾರ ಹತ್ತು ದಿನ ಭಾರ ಎತ್ತಬಾರದು. ಅಷ್ಟು ದಿನದ ಕೂಲಿ ಹೋದರೆ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ದುಡ್ಡು ಕೊಟ್ಟರೆ ಆಮಿಷ ಅನ್ನುತ್ತೀರಿ, ಕೊಡದಿದ್ದರೆ ಬಡವಳ ಮೈಯಿಂದ ಪುಕ್ಕಟೆ ಸೇವೆ ತೆಗೆದುಕೊಂಡಿರಿ ಅನ್ನುತ್ತೀರಿ. ಇನ್ನು ಗುರಿಯ ವಿಷಯ. ಗುರಿ ಇಲ್ಲದ ಸಾರ್ವಜನಿಕ ಆರೋಗ್ಯ ಕಾರ್ಯಕ್ರಮ ಯಾವುದಿದೆ ಹೇಳು? ಮನೆ ಮನೆಗೆ ಹೋಗಿ, ಮಕ್ಕಳ ಕಿರುಬೆರಳಿಗೆ ಶಾಯಿ ಹಚ್ಚಿ, ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಎಣಿಸಿದ್ದಕ್ಕೇ ಪೋಲಿಯೋ ಹೋಯಿತು. 2011ರ ಜನವರಿ 13ರಂದು ಹೌರಾದಲ್ಲಿ ಕೊನೆಯ ಪ್ರಕರಣ, 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ. ಅಂಕಿಯೇ ಪಾಪ ಅನ್ನುವುದಾದರೆ ಈ ಪುಣ್ಯ ಎಲ್ಲಿಂದ ಬಂತು?

ಕಿರಿಯಳು: ಪೋಲಿಯೋ ಹನಿಗೂ ಆಪರೇಷನ್ನಿಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಒಂದು ಮಗುವಿಗೆ ಹನಿ ಹಾಕದಿದ್ದರೆ ಪಕ್ಕದ ಮನೆಯ ಮಗುವಿಗೂ ಅಪಾಯ, ಹಾಗಾಗಿ ಅಲ್ಲಿ ಎಲ್ಲರನ್ನೂ ಎಣಿಸುವುದಕ್ಕೆ ನ್ಯಾಯವಿದೆ. ಒಬ್ಬಳು ಮೂರನೆಯ ಮಗು ಹೆತ್ತರೆ ಅದು ನೆರೆಯವರಿಗೆ ಅಂಟುವ ರೋಗವಲ್ಲ. ಎರಡನೆಯದು, ಹನಿಯಿಂದ ಮಗು ತನ್ನ ಮುಂದಿನ ಬದುಕಿನ ಯಾವ ಆಯ್ಕೆಯನ್ನೂ ಕಳೆದುಕೊಳ್ಳುವುದಿಲ್ಲ, ಆಪರೇಷನ್ನಿನಿಂದ ಹೆಂಗಸು ಕಳೆದುಕೊಳ್ಳುತ್ತಾಳೆ. ಎಣಿಕೆಯೇ ಪಾಪ ಎಂದು ನಾನೂ ಹೇಳುವುದಿಲ್ಲ. 'ಇಲ್ಲ' ಅನ್ನುವ ಹಕ್ಕು ಎಲ್ಲಿ ಪೂರ್ತಿಯಾಗಿ ವ್ಯಕ್ತಿಯದ್ದೋ ಅಲ್ಲಿ ಬರೀ 'ಹೌದು'ಗಳನ್ನು ಎಣಿಸುವುದು ಅನ್ಯಾಯ. ಇದು ಇಲಾಖೆಗೂ ಗೊತ್ತಿತ್ತು. ಗೊತ್ತಿದ್ದೇ 1996ರಲ್ಲಿ ಕೇಂದ್ರ ಸರ್ಕಾರ ಗುರಿಗಳನ್ನು ರದ್ದು ಮಾಡಿತು. ಆಮೇಲೆ ಕಡತಗಳಲ್ಲಿ 'ನಿರೀಕ್ಷಿತ ಸಾಧನೆಯ ಮಟ್ಟ' ಎಂಬ ಹೊಸ ಮಾತು ಬಂತು. 2020ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದಲ್ಲಿ ಒಂದು ಸುತ್ತೋಲೆ ಹೊರಟಿತು. ಕನಿಷ್ಠ ಒಬ್ಬ ಗಂಡಸನ್ನೂ ವ್ಯಾಸೆಕ್ಟಮಿಗೆ ಕರೆತರದ ಆರೋಗ್ಯ ಕಾರ್ಯಕರ್ತರ ಸಂಬಳ ತಡೆಯಬೇಕು, ಕಡ್ಡಾಯ ನಿವೃತ್ತಿಗೂ ಶಿಫಾರಸು ಮಾಡಬೇಕು ಎಂದಿತ್ತು. ಗಲಾಟೆಯಾದ ಮೇಲೆ ಅದೇ ತಿಂಗಳು ಹಿಂದಕ್ಕೆ ಪಡೆದರು. ರದ್ದಾಗಿ ಕಾಲು ಶತಮಾನ ಆಗುತ್ತ ಬಂದಿದ್ದ ಗುರಿ ಒಬ್ಬ ಅಧಿಕಾರಿಯ ಲೇಖನಿಗೆ ಅಷ್ಟು ಸಲೀಸಾಗಿ ಹೇಗೆ ಬಂತು? ಅದು ಹೋಗಿಯೇ ಇರಲಿಲ್ಲ, ಅದಕ್ಕೆ.

ಇಲ್ಲಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾದರು. ಹೆಸರು ಬದಲಾಗುವುದರ ಬಗ್ಗೆ ಅವರಿಗೂ ತಕರಾರಿದೆ. ಯೋಜನೆ ಕಲ್ಯಾಣವಾಯಿತು, ಗುರಿ ನಿರೀಕ್ಷೆಯಾಯಿತು. ಆದರೆ ತಿಂಗಳ ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಮಾತ್ರ ಹಳೆಯದೇ ಉಳಿಯಿತು. ಮೇಲಿನವರ ಒಂದು ಅಂಕಿ ಕೆಳಗಿಳಿಯುತ್ತ ಇಳಿಯುತ್ತ ಕಟ್ಟಕಡೆಗೆ ಒಬ್ಬ ಆಶಾ ಕಾರ್ಯಕರ್ತೆಯ ಮೇಲೆ ಕೂರುತ್ತದೆ. ಅವಳು ಅದನ್ನು ತನಗಿಂತ ಬಡವಳಾದ ಇನ್ನೊಬ್ಬ ಹೆಂಗಸಿನ ಮೇಲೆ ಇಳಿಸಬೇಕು. ಅಧಿಕಾರದ ಮೆಟ್ಟಿಲಲ್ಲಿ ಎಲ್ಲಿಯೂ ಒಬ್ಬ ಕ್ರೂರಿ ಇರಬೇಕಾಗಿಲ್ಲ. ಎಲ್ಲರೂ ತಮಗೆ ಹೇಳಿದ ಕೆಲಸ ಮಾಡಿದರೂ ಅರರಿಯಾದಂಥದ್ದು ನಡೆಯುತ್ತದೆ. ಸರ್ಕಾರಿ ಸಂಸ್ಥೆಗಳ ನೈತಿಕತೆಯ ಪ್ರಶ್ನೆ ವ್ಯಕ್ತಿಗಳ ನೈತಿಕತೆಯ ಪ್ರಶ್ನೆಗಿಂತ ಕಠಿಣವಾಗುವುದು ಈ ಕಾರಣಕ್ಕೆ.

ಹಿರಿಯರು: ಸರಿ, ಕ್ಯಾಂಪು ತಪ್ಪು ಅನ್ನು. ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು.

ಕಿರಿಯಳು: ಹೌದು, 2016ರ ಸೆಪ್ಟೆಂಬರ್ 14ರ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪು. ಅರರಿಯಾದ ಘಟನೆಯಿಂದಲೇ ಹುಟ್ಟಿದ ಅರ್ಜಿ ಅದು. 2010ರಿಂದ 2013ರ ನಡುವೆ ಈ ಆಪರೇಷನ್ನಿನ ವೇಳೆ ಇಲ್ಲವೇ ಆಮೇಲೆ 363 ಮಂದಿ ಸತ್ತರು ಎಂಬುದು ಆ ತೀರ್ಪಿನಲ್ಲಿದೆ. ಮೂರು ವರ್ಷದೊಳಗೆ ಕ್ಯಾಂಪುಗಳನ್ನು ನಿಲ್ಲಿಸಿ, ಅನೌಪಚಾರಿಕ ಗುರಿಗಳನ್ನೂ ಇಡಬೇಡಿ, ಆಪರೇಷನ್ನಿನ ಪರಿಣಾಮವನ್ನು ಹೆಂಗಸಿಗೆ ಅವಳ ಭಾಷೆಯಲ್ಲೇ ತಿಳಿಸಿ, ಯೋಚಿಸಲು ಸಮಯ ಕೊಡಿ, ಆಸ್ಪತ್ರೆಗಳನ್ನು ಬಲಪಡಿಸಿ ಎಂದು ನ್ಯಾಯಾಲಯ ಹೇಳಿತು. ಮಕ್ಕಳು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು 2009ರಲ್ಲೇ ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು.

ಹಿರಿಯರು: ಕ್ಯಾಂಪು ನಿಲ್ಲಿಸಿ ಅನ್ನುವುದು ಒಂದು ಸಾಲು, ಆಸ್ಪತ್ರೆ ಬಲಪಡಿಸಿ ಅನ್ನುವುದು ಇನ್ನೊಂದು ಸಾಲು. ಮೊದಲನೆಯದಕ್ಕೆ ಒಂದು ಆದೇಶ ಸಾಕು. ಎರಡನೆಯದಕ್ಕೆ ಸರ್ಜನ್ ಬೇಕು, ಅರಿವಳಿಕೆ ತಜ್ಞರು ಬೇಕು, ಶುದ್ಧೀಕರಿಸಿದ ಉಪಕರಣ ಬೇಕು, ವರ್ಷಗಟ್ಟಲೆ ಹಣ ಬೇಕು. ಮೊದಲನೆಯದು ಜಾರಿಯಾಗಿ ಎರಡನೆಯದು ಆಗದ ತಾಲ್ಲೂಕಿನಲ್ಲಿ ಹೆಂಗಸಿನ ಗತಿ ಏನು? ಮೂರು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಜಿಲ್ಲಾಸ್ಪತ್ರೆಗೆ ಹೋಗಬೇಕು, ಇವತ್ತು ಡಾಕ್ಟರ್ ಇಲ್ಲ, ಬುಧವಾರ ಬಾ ಅನ್ನಿಸಿಕೊಂಡು ಹಿಂತಿರುಗಬೇಕು. ಬುಧವಾರದ ಹೊತ್ತಿಗೆ ಗಂಡನ ಮನಸ್ಸು ತಿರುಗಿರುತ್ತದೆ, ಮುಂದಿನ ವರ್ಷ ಇನ್ನೊಂದು ಹೆರಿಗೆ. ಇದು ಅವಳ ಹಕ್ಕಿಗೆ ಬಿದ್ದ ಪೆಟ್ಟಲ್ಲವೇ? ಇನ್ನೊಂದು ಸಂಗತಿ ಇದೆ, ನಿನ್ನ ಅದೇ ಛತ್ತೀಸ್‌ಗಢದ್ದು. ಬೈಗಾ ಆದಿವಾಸಿಗಳ ಸಂಖ್ಯೆ ಕುಗ್ಗುತ್ತಿದೆ ಅಂತ ಹೇಳಿ ಅವರಿಗೆ ಈ ಆಪರೇಷನ್ ಮಾಡಬಾರದು ಎಂದು 1979ರಲ್ಲೇ ಅಂದಿನ ಮಧ್ಯಪ್ರದೇಶ ಸರ್ಕಾರ ಆದೇಶ ಮಾಡಿತ್ತು. ರಕ್ಷಣೆ ಅಂತಲೇ ಮಾಡಿದ್ದು. ನಮಗೆ ಮಕ್ಕಳು ಸಾಕು, ಆಪರೇಷನ್ ಬೇಕು ಅಂತ ಬೈಗಾ ಹೆಂಗಸರೇ ಹೈಕೋರ್ಟಿಗೆ ಹೋಗಬೇಕಾಯಿತು. 2018ರಲ್ಲಿ ಆ ನಿರ್ಬಂಧ ಹೋಯಿತು. ಹೆಚ್ಚು ಕಡಿಮೆ ನಲವತ್ತು ವರ್ಷ ಸರ್ಕಾರ ಒಂದು ಜನಾಂಗದ ಹೆಂಗಸರಿಗೆ ಬೇಡ ಅಂದಿತು, ಇನ್ನುಳಿದವರಿಗೆ ಬೇಕೇ ಬೇಕು ಅಂದಿತು. ರಕ್ಷಿಸುತ್ತೇವೆ ಅಂತ ಬಾಗಿಲು ಹಾಕುವವರೂ ಅವಳ ಮಾತು ಕೇಳಿರುವುದಿಲ್ಲ. ನಿಮ್ಮ ಕಡೆಯವರು ಇದನ್ನು ನೆನಪಿಡಬೇಕು.

ಕಿರಿಯಳು: ಬೈಗಾ ಹೆಂಗಸರ ವಿಷಯ ನನ್ನನ್ನೂ ಅಲುಗಾಡಿಸಿತು. ಒಪ್ಪುತ್ತೇನೆ, ಬರೀ ನಿಷೇಧದಿಂದ ನ್ಯಾಯ ಸಿಗುವುದಿಲ್ಲ. ಆದರೆ ಬೇಡ ಅಂದದ್ದರಲ್ಲೂ ಬೇಕೇ ಬೇಕು ಅಂದದ್ದರಲ್ಲೂ ಒಂದೇ ಮನಸ್ಸು ಕೆಲಸ ಮಾಡಿದೆ. ದೇಶಕ್ಕೆ ಎಷ್ಟು ಜನ ಇರಬೇಕು ಎಂಬ ಲೆಕ್ಕ ಮೊದಲು, ಹೆಂಗಸು ಆಮೇಲೆ. ಅದಕ್ಕೆ ಮುಂಚೆ ನಮ್ಮಲ್ಲೇ ಬೇರೆ ಒಂದು ದಾರಿ ಇತ್ತು. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕೇಂದ್ರಗಳನ್ನು ತೆರೆಯಿತು. ಜಗತ್ತಿನಲ್ಲಿ ಸರ್ಕಾರವೇ ತೆರೆದ ಮೊದಲ ಕೇಂದ್ರಗಳೆಂದು ಅವುಗಳಿಗೆ ಹೆಸರಿದೆ. ಆಸ್ಪತ್ರೆಯಲ್ಲಿ ಒಂದು ಕೋಣೆ, ಕೇಳಿ ಬಂದವರಿಗೆ ಸಲಹೆ. ಸೇವೆಯನ್ನು ಹೆಂಗಸು ಹುಡುಕಿಕೊಂಡು ಬರುವುದು ಬೇರೆ, ಅಂಕಿ ಹೆಂಗಸನ್ನು ಹುಡುಕಿಕೊಂಡು ಹೋಗುವುದು ಬೇರೆ.

ಹಿರಿಯರು: ಆ ಕೋಣೆಗೆ ಎಷ್ಟು ಹೆಂಗಸರು ಬಂದಾರು? ಪೇಟೆಯವರು, ಓದಿದವರು. ಹಳ್ಳಿಯವಳ ಮನೆ ಬಾಗಿಲಿಗೆ ಯಾರೂ ಹೋಗದೆ ಅವಳಿಗೆ ಆ ಕೋಣೆ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಯಾರೋ ಹೋಗಬೇಕು. ಹೋಗುವವಳು ಆಶಾ. ಅವಳಿಗೆ ಖಚಿತ ಸಂಬಳ ಇಲ್ಲದ್ದಕ್ಕೆ ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ. ಇದು ನೀನು ಹೇಳುವ ಹಾಗೆ ದೋಷವೇ, ಆದರೆ ಅವಳ ಮನೆ ನಡೆಯುವುದೂ ಅದರಿಂದಲೇ.

ಕಿರಿಯಳು: ಹಾಗಾದರೆ ಇಡೀ ವಾದದ ಕೀಲು ಅಲ್ಲೇ ಇದೆ. ಕೇಳುವವಳ ಹೊಟ್ಟೆ ಕೇಳಿಸಿಕೊಳ್ಳುವವಳ ಉತ್ತರದ ಮೇಲೆ ನಿಂತಿರುವಷ್ಟು ಕಾಲ ಆ ಉತ್ತರ ಸ್ವತಂತ್ರವಾಗಿರಲಾರದು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ ₹15,000 ಖಚಿತ ಗೌರವಧನ ಬೇಕೆಂದು ಹಗಲೂ ರಾತ್ರಿ ಧರಣಿ ಕೂತರು. ಪತ್ರಿಕೆಗಳು ಅದನ್ನು ಸಂಬಳದ ಹೋರಾಟ ಅಂತ ಬರೆದವು. ನನಗೆ ಅದು ವೈದ್ಯಕೀಯ ನೀತಿಯ ಹೋರಾಟವಾಗಿಯೂ ಕಾಣುತ್ತದೆ. ಅವಳಿಗೆ ಖಚಿತ ಆದಾಯ ಇದ್ದರೆ 'ಆಪರೇಷನ್ ಬೇಡ, ಇಂಜೆಕ್ಷನ್ ಸಾಕು' ಎಂದ ಹೆಂಗಸಿಗೂ ಅವಳು ಅಷ್ಟೇ ಸಮಾಧಾನವಾಗಿ ದಾರಿ ಹೇಳುತ್ತಾಳೆ. ಜತೆಗೆ, ಎಷ್ಟು ಮಂದಿ ಬೇಡ ಎಂದರು, ಎಷ್ಟು ಮಂದಿ ಬೇರೆ ವಿಧಾನ ಆರಿಸಿಕೊಂಡರು ಎಂಬುದಕ್ಕೂ ರಿಜಿಸ್ಟರಿನಲ್ಲಿ ಒಂದು ಕಾಲಂ ಇರಲಿ. ಒಂದು ತಾಲ್ಲೂಕಿನಲ್ಲಿ ವರ್ಷವಿಡೀ ಒಬ್ಬಳೂ ಬೇಡ ಅನ್ನಲಿಲ್ಲವೆಂದರೆ ಅಲ್ಲಿ ಯಾರೂ ಕೇಳಿಯೇ ಇಲ್ಲ ಅಂತ ತಿಳಿಯಬೇಕು.

ಹಿರಿಯರು: ಆ ಕಾಲಂ ಬಂದ ಮೂರನೆಯ ತಿಂಗಳಿಗೆ ಅದಕ್ಕೂ ಒಂದು ಅಂಕಿ ನಿಗದಿಯಾಗುತ್ತದೆ. ನೂರಕ್ಕೆ ಇಷ್ಟು ಮಂದಿ ಬೇಡ ಅನ್ನಬೇಕು ಅಂತ ಮೇಲಿನಿಂದ ಬರುತ್ತದೆ, ಕೆಳಗಿನವರು ಹೆಂಗಸನ್ನು ಕೇಳದೆಯೇ ತುಂಬಿ ಕಳಿಸುತ್ತಾರೆ. ಇಲಾಖೆಯ ಸ್ವಭಾವ ನಿನಗೆ ಗೊತ್ತಿಲ್ಲ. ಇರಲಿ, ಕಾಲಂ ಬಿಡು. ಯಾವಾಗ ಕೇಳಬೇಕು, ಅದನ್ನು ಹೇಳು. ಎಷ್ಟೋ ಆಪರೇಷನ್ ಆಗುವುದು ಹೆರಿಗೆಯಾದ ವಾರದೊಳಗೆ. ಹೆರಿಗೆ ನೋವಿನಲ್ಲಿ ಕೇಳಿದರೆ ಅದು ಒಪ್ಪಿಗೆಯಲ್ಲ ಅನ್ನುತ್ತೀಯ, ಮನೆಗೆ ಕಳಿಸಿದ ಮೇಲೆ ಕೇಳಿದರೆ ಅವಳು ಮತ್ತೆ ಬರಲಾರಳು.

ಕಿರಿಯಳು: ಏಳನೆಯ ತಿಂಗಳ ತಪಾಸಣೆಗೆ ಬಂದಾಗ ಕೇಳಲಿ. ಗಂಡ, ಅತ್ತೆ ಹೊರಗೆ ಕೂತಿರಲಿ. ಗಂಡನಿಗೆ ವ್ಯಾಸೆಕ್ಟಮಿಯ ವಿಷಯವನ್ನೂ ಅದೇ ದಿನ ಬೇರೆಯಾಗಿ ಹೇಳಲಿ. ಅವಳು ಹೇಳಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆದಿಡಲಿ, ಹೆರಿಗೆಯಾದ ಮೇಲೆ ಇನ್ನೊಮ್ಮೆ ಕೇಳಲಿ. ಎರಡು ಸಲವೂ ಅದೇ ಉತ್ತರ ಬಂದರೆ ಆಪರೇಷನ್ ಆಗಲಿ.

ಹಿರಿಯರು: ತಾಯಿ ಕಾರ್ಡು ಇರುವುದು ಅತ್ತೆಯ ಟ್ರಂಕಿನಲ್ಲಿ. ಅವಳು ಏನು ಹೇಳಿದಳು ಅಂತ ಮನೆಯವರೆಲ್ಲ ಓದುತ್ತಾರೆ.

ಕಿರಿಯಳು: ಹಾಗಾದರೆ ಕಾರ್ಡಿನಲ್ಲಿ ಬೇಡ, ಆಸ್ಪತ್ರೆಯ ಪುಸ್ತಕದಲ್ಲಿ ಇರಲಿ.

ಹಿರಿಯರು: ತಪಾಸಣೆ ಒಂದು ಕಡೆ, ಹೆರಿಗೆ ತವರಿನ ಕಡೆ ಇನ್ನೊಂದು ಆಸ್ಪತ್ರೆಯಲ್ಲಿ. ಆ ಪುಸ್ತಕ ಅಲ್ಲಿಗೆ ಹೇಗೆ ಹೋಗುತ್ತದೆ?

ಕಿರಿಯಳು ಉತ್ತರ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ತಾನು ಬರೆದುಕೊಂಡಿದ್ದ ಸಾಲಿನ ಕೆಳಗೆ 'ತವರಿನ ಹೆರಿಗೆ' ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಹಿರಿಯರು ಕನ್ನಡಕ ಏರಿಸಿಕೊಂಡು ಆ ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮೇಲಿನಿಂದ ಓದಿಕೊಂಡು ಬಂದು, 'ಅತ್ತೆ ಹೊರಗೆ ಕೂತಿರಲಿ' ಎಂಬಲ್ಲಿ ನಿಂತು, ಅದರ ಕೆಳಗೆ ಒಂದು ಗೆರೆ ಎಳೆದರು.